ಅಕ್ಕನ ಕಾರಿಗೆ ಬಣ್ಣ

ಪಿಚಕಾರಿ ಎಂದರೆ ಆ ಬೀದಿಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಅವನ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿದೆ. ಗಾಳಿಯ ಕೊಳವೆಯ ತುದಿಗೆ ಪೆನ್ನಿನಷ್ಟು ದಪ್ಪದ ಸಲಕರಣೆ ಸಿಕ್ಕಿಸಿಕೊಂಡು, ರಿಮೋಟಿನಲ್ಲಿ ಓಡುವ ರೇಸ್ ಕಾರುಗಳ ಮೈಗೆ ಬಣ್ಣ ಊದುವುದು ಅವನ ಕಸುಬು. ಆಟಿಕೆ ಎಂದೀರಿ, ಜೋಕೆ! ಮೊಣಕೈಯುದ್ದದ ಆ ಕಾರುಗಳು ಕಣ್ಣು ಮಿಟುಕಿಸುವುದರೊಳಗೆ ತಿರುವು ದಾಟಿರುತ್ತವೆ, ಓಡಿಸುವವರಲ್ಲಿ ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಈ ಕೆಲಸಕ್ಕೆ ಮುಂಚೆ ಪಿಚಕಾರಿ ದಂತವೈದ್ಯರ ಲ್ಯಾಬೊಂದರಲ್ಲಿ ಕಟ್ಟಿಸಿಕೊಳ್ಳುವ ಹಲ್ಲು ಮಾಡುತ್ತಿದ್ದ. ಪಕ್ಕದ ಹಲ್ಲಿಗೆ ಹೊಂದುವ ಹಳದಿಯನ್ನು ಹುಡುಕುವುದರಲ್ಲಿ ಅವನದು ಎತ್ತಿದ ಕೈ. ಲ್ಯಾಬಿಗೆ ಯಂತ್ರ ಬಂದ ಮೇಲೆ ಕೆಲಸ ಹೋಯಿತು, ಬಣ್ಣ ಗುರುತಿಸುವ ಕಣ್ಣು ಉಳಿಯಿತು.

ಆ ಕಣ್ಣನ್ನು ಈ ದಾರಿಗೆ ಹಚ್ಚಿದವಳು ಅಕ್ಕ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ನಿವೃತ್ತಳಾದವಳು, ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಅಮ್ಮ ತೀರಿಕೊಂಡಾಗ ಪಿಚಕಾರಿ ಇನ್ನೂ ಶೂ ಲೇಸ್ ಕಟ್ಟಲು ಬಾರದ ಹುಡುಗ. ಅವನನ್ನು ಸಾಕಿದವಳೂ ಅವಳೇ, ಬೈದವಳೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ ಇಬ್ಬರೂ "ಆಮೇಲೆ ನೋಡೋಣ" ಎಂದು ಮುಂದಕ್ಕೆ ತಳ್ಳಿದರು, ಮಾತು ಎಲ್ಲೋ ದಾರಿಯಲ್ಲೇ ಉಳಿದುಹೋಯಿತು. ಭಾನುವಾರ ಬೆಳಗಾದರೆ ಅಕ್ಕ ರಿಮೋಟ್ ಹಿಡಿದು, ಮುಚ್ಚಿದ ಕಾರ್ಖಾನೆಯೊಂದರ ಹಿಂದಿನ ಟ್ರ್ಯಾಕಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಓಡಿಸುವವರಿಗೆಂದು ಕಟ್ಟಿದ ಎತ್ತರದ ಕಟ್ಟೆಯ ಮೇಲೆ ನಿಂತಳೆಂದರೆ ಅವಳ ಮಂಡಿನೋವೂ ಮಾಯ, ವಯಸ್ಸೂ ಮಾಯ.

ಈ ಕಾರುಗಳ ಮೈ ಎಂದರೆ ಗಾಜಿನಂತೆ ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಚಿಪ್ಪು. ಬಣ್ಣವನ್ನು ಹೊರಗೆ ಹಾಕಿದರೆ ಮೊದಲ ಡಿಕ್ಕಿಗೇ ಕಿತ್ತು ಬರುತ್ತದೆ, ಹಾಗಾಗಿ ಒಳಗಿನಿಂದ ಊದಬೇಕು. ಆಗ ಕೆಲಸವೆಲ್ಲ ತಲೆಕೆಳಗು. ಬೇರೆ ಚಿತ್ರಗಾರರು ಕೊನೆಗೆ ಇಡುವ ಕಣ್ಣಿನ ಚುಕ್ಕಿಯನ್ನು ಇವನು ಮೊದಲು ಇಡಬೇಕು, ಅವರು ಮೊದಲು ಬಳಿಯುವ ಹಿನ್ನೆಲೆಯನ್ನು ಕೊನೆಗೆ ಊದಬೇಕು. ಮೊದಲನೆಯದು ತಪ್ಪಿದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ. ಚಿಪ್ಪಿನ ಹೊರಮೈಗೆ ತೆಳ್ಳನೆಯ ಪೊರೆಯೊಂದು ಅಂಟಿಕೊಂಡಿರುತ್ತದೆ, ಅತ್ತಿತ್ತ ಹಾರಿದ ಬಣ್ಣವೆಲ್ಲ ಅದರ ಮೇಲೆ ಕೂತು ಕಾರು ಧೂಳು ಹಿಡಿದಂತೆ ಕಾಣುತ್ತದೆ. ಪೊರೆ ಸುಲಿದಾಗಲೇ ಒಳಗಿನ ಬಣ್ಣ ಫಳಫಳ ಹೊಳೆಯುವುದು. ಸುಲಿಯುವ ಆ ಸುಖ ಕಾರಿನ ಒಡೆಯರಿಗೇ ಸೇರಿದ್ದು, ಬಣ್ಣದವನು ಅದಕ್ಕೆ ಕೈ ಹಾಕಬಾರದು ಎಂಬುದು ಈ ಕಸುಬಿನವರ ಮರ್ಯಾದೆ.

ಆ ವರ್ಷ ಅಕ್ಕನ ಕಾರು ಕಂಡಕಂಡದ್ದಕ್ಕೆಲ್ಲ ಗುದ್ದತೊಡಗಿತು. ಟ್ರ್ಯಾಕಿನಲ್ಲಿ ಓಟದ ಸಮಯ ಅಳೆಯುವ ಹಿರಿಯರೊಬ್ಬರಿದ್ದರು, ಎಲ್ಲರೂ ಅವರನ್ನು ಗಡಿಯಾರದ ಮಾಮ ಎನ್ನುತ್ತಿದ್ದರು. ಒಂದು ಭಾನುವಾರ ಅವರು ಪಿಚಕಾರಿಯನ್ನು ಪಕ್ಕಕ್ಕೆ ಕರೆದರು.

"ನಿಮ್ಮಕ್ಕ ಇವತ್ತು ಇಬ್ಬರ ಕಾರು ಪುಡಿ ಮಾಡಿದ್ರು. ಜನ ಅವರ ಮುಖ ನೋಡಿ ಸುಮ್ನಿದ್ದಾರೆ. ಇನ್ನೊಂದ್ಸಲ ಹೀಗಾದ್ರೆ, ಬನ್ನಿ ನನ್ನ ಪಕ್ಕ ಕೂತು ಸುತ್ತು ಎಣಿಸಿ ಅಂತ ನಾನೇ ಹೇಳ್ಬೇಕಾಗುತ್ತೆ. ನನಗೂ ಇಷ್ಟ ಇಲ್ಲಪ್ಪ."

ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ ಸುತ್ತು ಎಣಿಸಲು ಹಚ್ಚುವುದು! ಅದಕ್ಕಿಂತ ಅವಳನ್ನು ಮನೆಯಲ್ಲೇ ಕೂಡಿಹಾಕಬಹುದು. ಪಿಚಕಾರಿ ಕಾರನ್ನು ಮನೆಗೆ ತಂದ. ಕಾರಿನ ಸ್ಟೀರಿಂಗೇ ಕೆಟ್ಟಿರಬೇಕೆಂದು ಬಿಚ್ಚಿ ನೋಡಿದ, ಎಲ್ಲ ಸರಿಯಾಗಿತ್ತು. ಹಾಗಾದರೆ ಅಕ್ಕನ ಮನಸ್ಸೇ ಕುಗ್ಗಿರಬೇಕು, ಹೊಸ ಮೈ ಕಂಡರೆ ಹುರುಪು ಬಂದೀತು ಎಂದು ಲೆಕ್ಕ ಹಾಕಿದ. ಪ್ರತಿವರ್ಷ ಅವಳ ಕಾರಿನ ಬಾನೆಟ್ಟಿಗೆ ಒಂದು ಹಕ್ಕಿ ಬಿಡಿಸುವುದು ಅವನ ರೂಢಿ. ಈ ಸಲ ರೆಕ್ಕೆಯ ಒಂದೊಂದು ಎಳೆಯನ್ನೂ ಉಸಿರು ಬಿಗಿಹಿಡಿದು ಊದಿದ.

ಅಡುಗೆಮನೆಯ ಮೇಜಿನ ಮೇಲೆ ಚಿಪ್ಪನ್ನಿಟ್ಟು ಅಕ್ಕನನ್ನು ಕೂಗಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಅಂಚನ್ನು ಉಗುರಿನಿಂದ ಎತ್ತಿ ಪೊರೆಯನ್ನು ಸರ್ರನೆ ಎಳೆದಳು. ಅದು ಮುಂಗಾಜಿನ ಹತ್ತಿರ ಹರಿದು, ಹಿಂದಿನ ಭಾಗದ್ದು ಮಾತ್ರ ಕೈಗೆ ಬಂತು. ಬಾನೆಟ್ಟಿನ ಮೇಲಿನದು ಅಂಟಿಕೊಂಡೇ ಉಳಿಯಿತು, ಅದರ ಮೇಲೆ ಬೂದು ಬಣ್ಣದ ಮಬ್ಬು. ಅಕ್ಕ ಚಿಪ್ಪನ್ನು ಬೆಳಕಿಗೆ ಹಿಡಿದಳು.

"ಅಬ್ಬಬ್ಬಾ! ಈ ಸಲದ ಹಕ್ಕಿ ಹೋದ ಸಲದ್ದನ್ನೂ ಮೀರಿಸಿದೆ ಕಣೋ. ಎಷ್ಟು ಹೊಳೀತಿದೆ ನೋಡು!"

ಹಕ್ಕಿ ಕಾಣುತ್ತಲೇ ಇರಲಿಲ್ಲ. ಪಿಚಕಾರಿ ಅಕ್ಕನ ಮುಖವನ್ನೂ ಬಾನೆಟ್ಟಿನ ಮಬ್ಬನ್ನೂ ನೋಡಿದ.

"ಅಕ್ಕ, ಬಾನೆಟ್ ಮೇಲಿನ ಪೊರೆ ಇನ್ನೂ ಹಾಗೇ ಇದೆ."

ಅವಳ ಬೆರಳು ಬಾನೆಟ್ಟಿನ ಮೇಲೆ ಹರಿದಾಡಿ, ಹರಿದ ಅಂಚಿಗೆ ಬಂದು ನಿಂತಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಯಾವಾಗಿಂದ?" ಎಂದ ಅವನು.

"ಹೋದ ವರ್ಷದ ಕೊನೆಯಿಂದ. ನೇರ ನೋಡಿದ್ದು ಕಾಣಲ್ಲ, ನಡುವೆ ಮಸಿ ಮೆತ್ತಿದ ಹಾಗೆ. ಗೋಡೆ ಗಡಿಯಾರ ನೋಡಿದ್ರೆ ಅಂಕಿ ಕಾಣುತ್ತೆ, ಮುಳ್ಳು ಕಾಣಲ್ಲ. ಓರೆ ನೋಡಿದ್ರೆ ಅಂಚಲ್ಲಿ ಒಂಚೂರು ಕಾಣುತ್ತೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ ಅಂದ್ರು ಡಾಕ್ಟ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ಕಾರಿಗೆ ಬಣ್ಣ ಹಾಕೋದು ನಿಲ್ಲಿಸ್ತಿದ್ದೆ."

"ಮತ್ತೆ ಇಷ್ಟು ದಿನ ಹೇಗೆ ಓಡಿಸ್ದೆ?"

"ಮೋಟಾರ್ ಸದ್ದಿನ ಮೇಲೆ. ಅಂದಾಜಿನ ಮೇಲೆ."

"ಅಂದಾಜಲ್ಲಿ ಊರವರ ಕಾರೆಲ್ಲ ಚಟ್ನಿ ಮಾಡಿದ್ಯಲ್ಲೇ ತಾಯಿ!" ಎಂದವನಿಗೆ ನಗು ಬಂತು, ಅವಳಿಗೂ ಬಂತು.

ಮರುದಿನ ಪಿಚಕಾರಿ ತನ್ನ ಹಳೆಯ ಕನ್ನಡಕದ ಒಂದೊಂದು ಗಾಜಿನ ನಟ್ಟನಡುವೆಯೂ ಕಪ್ಪು ಬಣ್ಣದ ದೊಡ್ಡ ಬೊಟ್ಟಿಟ್ಟುಕೊಂಡು ಟ್ರ್ಯಾಕಿಗೆ ಹೋದ. ಗಡಿಯಾರದ ಮಾಮನ ಕೈಗೆ ರಿಮೋಟ್ ಕೊಟ್ಟು, ಪೊರೆ ಪೂರ್ತಿ ಸುಲಿದ ಹಕ್ಕಿಯ ಕಾರನ್ನು ಓಡಿಸಲು ಹೇಳಿ, ತಾನು ಕಟ್ಟೆ ಹತ್ತಿ ನಿಂತ. ಕಾಣಿಸಿದ್ದು ನೆಲದ ಬಣ್ಣದ್ದೇ ಒಂದು ಕಲೆ, ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯಲಿಲ್ಲ. ಬೊಟ್ಟಿಲ್ಲದ ಕನ್ನಡಕ ಹಾಕಿ ನೋಡಿದ. ಆಗಲೂ ಹಕ್ಕಿಯಿಲ್ಲ, ರೆಕ್ಕೆಯಿಲ್ಲ, ಕಪ್ಪಗಿನ ಏನೋ ಒಂದು ಓಡುತ್ತಿತ್ತು, ಅಷ್ಟೆ. ಇಷ್ಟು ವರ್ಷ ತಾನು ಮೇಜಿನ ಮೇಲಿಟ್ಟು ನೋಡಲು ಬಣ್ಣ ಹಾಕಿದ್ದೇ ಹೊರತು ಅಲ್ಲಿ ನಿಂತು ಓಡಿಸುವವಳಿಗಾಗಿ ಅಲ್ಲ ಎಂಬುದು ಹೊಳೆದು ಅವನಿಗೆ ನಾಚಿಕೆಯಾಯಿತು. ಅಕ್ಕನಿಗೆ ಇದು ಮೊದಲಿನಿಂದಲೂ ಗೊತ್ತಿದ್ದಿರಬೇಕು, ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಮನೆಗೆ ಬಂದು ಹೊಸ ಚಿಪ್ಪು ತೆಗೆದ. ಮುಂದಿನ ಅರ್ಧ ಮಿಂಚುವ ಹಳದಿ, ಹಿಂದಿನ ಅರ್ಧ ಅಚ್ಚ ಕಪ್ಪು. ಹಳದಿ ಎತ್ತ ಇದೆಯೋ ಕಾರಿನ ಮೂತಿ ಅತ್ತ, ಇಷ್ಟೇ ಚಿತ್ರ. ಇದನ್ನೇನು, ಕಣ್ಣು ಮುಚ್ಚಿ ಮಾಡಬಹುದು ಎಂದುಕೊಂಡ. ಹಾಗೆಂದುಕೊಂಡೇ ಎಡವಿದ. ಹಕ್ಕಿಗಳಿಗೆಲ್ಲ ಹಿನ್ನೆಲೆಯಾಗಿ ಕಪ್ಪು ಊದಿ ಊದಿ ಕೈಗೆ ಅದೇ ಚಾಳಿಯಾಗಿತ್ತು, ಹಳದಿಯ ಬೆನ್ನಿಗೂ ಕಪ್ಪನ್ನೇ ಊದಿಬಿಟ್ಟ. ಹೊರಗಿನಿಂದ ನೋಡಿದರೆ ಹಳದಿ ಕೆಸರಾಗಿತ್ತು. ಮಿಂಚುವ ಬಣ್ಣಕ್ಕೆ ಬೆನ್ನಿಗೆ ಬಿಳಿ ಬೇಕೆಂಬುದು ಈ ಕೆಲಸದ ಅ ಆ ಇ ಈ. ತನ್ನನ್ನೇ ಬೈದುಕೊಂಡು ಇನ್ನೊಂದು ಚಿಪ್ಪು ತೆಗೆದ, ಹಳದಿಯ ಹಿಂದೆ ಬಿಳಿಯನ್ನು ತೆಳ್ಳಗೆ ಪದರ ಪದರವಾಗಿ ಊದಿದ. ಆಮೇಲೆ ಕಪ್ಪು. ಪೊರೆ ಸುಲಿದ ಅಕ್ಕ ಅದನ್ನು ಕಣ್ಣಂಚಿನಲ್ಲಿ ನೋಡಿ, "ಇದೇನೋ ಇಷ್ಟು ಢಾಳು ಬಣ್ಣ!" ಎಂದಳು. ಅವಳಿಗದು ಕಂಡಿತ್ತು. ಬೈಸಿಕೊಂಡು ಅಷ್ಟು ಸಂತೋಷ ಅವನಿಗೆಂದೂ ಆಗಿರಲಿಲ್ಲ.

ಭಾನುವಾರ ಕಟ್ಟೆಯ ತುದಿಯಲ್ಲಿ ಅಕ್ಕ ನಿಂತಳು, ಪಕ್ಕದಲ್ಲಿ ಪಿಚಕಾರಿ. ಕೆಳಗೆ ಗಡಿಯಾರದ ಮಾಮ ಇವರ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದರು. ಅಕ್ಕ ಕೊರಳನ್ನು ನಿಧಾನವಾಗಿ ತಿರುಗಿಸುತ್ತ, ಕಣ್ಣಂಚಿಗೆ ಹಳದಿ ಸಿಗುವ ಜಾಗವನ್ನು ಹುಡುಕಿದಳು. ಅದು ಸಿಕ್ಕಾಗ ಅವಳ ಮುಖ ನೇರವಾಗಿ ತಮ್ಮನ ಮುಖಕ್ಕೇ ತಿರುಗಿತ್ತು.

"ಹೀಗೇ. ಅಲ್ಲಾಡ್ಬೇಡ, ಅಂಚಲ್ಲಿ ನಿನ್ನ ಭುಜ ಕಾಣುತ್ತೆ, ಅದು ಅಲ್ಲಾಡಿದ್ರೆ ನನ್ನ ಅಳತೆ ತಪ್ಪುತ್ತೆ" ಎಂದಳು.

ಕಾರುಗಳು ಹೊರಟವು. ಉಳಿದವರೆಲ್ಲ ಟ್ರ್ಯಾಕ್ ನೋಡುತ್ತಿದ್ದರೆ ಅಕ್ಕ ಒಬ್ಬಳೇ ರೆಪ್ಪೆ ಮಿಟುಕಿಸದೆ ಇವನನ್ನು ನೋಡುತ್ತಿದ್ದಳು. ಅತ್ತ ತಿರುಗಿ ಕಾರು ಏನಾಯಿತೆಂದು ನೋಡುವಂತಿಲ್ಲ, ಅವಳ ಮುಖ ಒಂದೇ ಅವನಿಗೆ ಗತಿ. ಕಂಡವರ ಹಲ್ಲಿನ ಛಾಯೆ ಎಣಿಸಿದವನು ಅಕ್ಕನ ಹುಬ್ಬು ಇಷ್ಟು ಬಿಳಿಯಾದದ್ದನ್ನು ಇವತ್ತೇ ನೋಡಿದ್ದು. ಗಲ್ಲದ ಗೆರೆ, ಬಿಗಿದ ತುಟಿ, ತಿರುವು ಬಂದಾಗ ನಡುಗುವ ಮೂಗಿನ ಹೊಳ್ಳೆ.

"ಅಕ್ಕ, ನಾನು ಕಾಣ್ತಿದ್ದೀನಾ?"

"ಇಲ್ಲ. ನಿನ್ನ ಮುಖ ಇರೋ ಕಡೆ ಪೂರ್ತಿ ಮಸಿ. ಪಕ್ಕದಲ್ಲಿ ಹಳದಿ ಓಡ್ತಿದೆ."

ಕಾಣುವುದಿಲ್ಲವಲ್ಲ ಎಂದು ಅವನು ಧೈರ್ಯವಾಗಿ ಅತ್ತುಬಿಟ್ಟ. ಕಣ್ಣೀರು ಗದ್ದದಿಂದ ಇಳಿದರೂ ಕೈಯೆತ್ತಿ ಒರೆಸಿಕೊಳ್ಳಲಿಲ್ಲ.

"ಆ ಮೂಗು ಸೊರಸೊರ ಮಾಡ್ಬೇಡ್ವೋ, ಮೋಟಾರ್ ಸದ್ದು ಕೇಳ್ತಿಲ್ಲ" ಎಂದಳು ಅಕ್ಕ.

ಮೋಟಾರುಗಳ ಸದ್ದು ಅಡಗಿತು. ಅಕ್ಕ ಕೊನೆಯಿಂದ ಎರಡನೆಯವಳು, ಆದರೆ ಯಾರ ಕಾರಿಗೂ ತಾಗಿಸಿರಲಿಲ್ಲ. ಗಡಿಯಾರದ ಮಾಮ ಕೆಳಗಿನಿಂದ, "ಮುಂದಿನ ವಾರ ಬೇಗ ಬನ್ನಿ, ಜನ ಜಾಸ್ತಿ ಇದಾರೆ" ಎಂದು ಕೂಗಿ ಹೇಳಿದರು. ಅಕ್ಕ ರಿಮೋಟ್ ಕೆಳಗಿಟ್ಟು, ತಮ್ಮನ ಭುಜವನ್ನು ತಡಕಿ ಹಿಡಿದುಕೊಂಡಳು.

"ಮುಂದಿನ ವಾರಾನೂ ಇಲ್ಲೇ ನಿಂತ್ಕೋತೀಯಾ?"

ಅವನು ಹೂಂ ಎಂಬಂತೆ ತಲೆಯಾಡಿಸಿದ. ಅದು ಅವಳಿಗೆ ಕಾಣದೆಂದು ನೆನಪಾಗಿ, "ನಿಂತ್ಕೋತೀನಿ, ಅಕ್ಕ" ಎಂದು ಬಾಯಿಬಿಟ್ಟು ಹೇಳಿದ.