ಅರ್ಧ ಅಳತೆಯ ಗಾರ್ಡ್ ಡಬ್ಬಿ

ಆ ಭಾನುವಾರ ಮಧುಗಿರಿಯ ವಕೀಲರ ಮನೆಯ ಹೊರಕೋಣೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ಕಕ್ಷಿಗಾರರು ಕೂರುವ ಬೆಂಚನ್ನು ಜಗಲಿಗೆ ದಬ್ಬಿ, ಕೋಣೆಯ ತುಂಬ ಹಲಗೆ ಹಾಕಿಸಿ, ಅದರ ಮೇಲೆ ಆಟದ ರೈಲು ಓಡಿಸುತ್ತಿದ್ದ ವಕೀಲರು. ಕೊಳಾಲದಿಂದ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದ ಕಡಲೆಕಾಯಿ ಮಂಡಿಯ ಶೆಟ್ಟರು. ಶಿರಾದಿಂದ ಬಸ್ಸಿನಲ್ಲಿ ಬರುತ್ತಿದ್ದ ತಗಡು ಕೆಲಸದ ಸಾಹೇಬರು. ಮತ್ತೆ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನಾನು. ಹೊಸಿಲಾಚೆ ವಕೀಲರ ತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರು ಒಳಗೆ ಕಾಲಿಡುತ್ತಿರಲಿಲ್ಲ, ಆದರೆ ಅವರ ಮಾತು ಇಡುತ್ತಿತ್ತು.

ನಮ್ಮ ಕಡೆಗೆ ರೈಲಿಲ್ಲ. ನಾನು ಹುಡುಗನಾಗಿದ್ದಾಗಿನಿಂದ ಹಿರಿಯರು ‘ಈ ಸಲ ಬಂದೇ ಬರ್ತದಂತೆ ಕಣೋ’ ಅಂತಲೇ ಇದ್ದರು. ರೈಲು ನೋಡಬೇಕಾದವನು ತುಮಕೂರಿಗೆ ಹೋಗಬೇಕು, ಇಲ್ಲ ಹಿಂದೂಪುರಕ್ಕೆ. ಸರ್ಕಾರ ಹಾಕದ ದಾರಿಯನ್ನು ನಾವಾದರೂ ಹಾಕೋಣ ಎಂದು ವಕೀಲರು ಶುರುಮಾಡಿದ್ದು ಈ ಹಲಗೆ. ಕೀಲಿ ಕೊಟ್ಟರೆ ಓಡುವ ಎಂಜಿನ್ ಒಂದು ಬೊಂಬಾಯಿಯಿಂದ ಅಂಚೆಯಲ್ಲಿ ಬಂತು. ಮಿಕ್ಕಿದ್ದೆಲ್ಲ ಸಾಹೇಬರ ಕೈಕೆಲಸ: ಕಂಬಿ, ಸಿಗ್ನಲ್ಲು, ಸಾಮಾನಿನ ಡಬ್ಬಿ, ಜನ ಕೂರುವ ಡಬ್ಬಿ. ಎಲ್ಲವೂ ಸೀಮೆಎಣ್ಣೆ ಡಬ್ಬದ ತಗಡು. ಡಬ್ಬಿ ಮಗುಚಿ ನೋಡಿದರೆ ಹೊಟ್ಟೆಯಲ್ಲಿ ಎಣ್ಣೆ ಕಂಪನಿಯ ಅಚ್ಚು ಇನ್ನೂ ಹಾಗೇ ಇರುತ್ತಿತ್ತು. ರೈಲಿನ ಬಾಲಕ್ಕೆ ಅವರೊಂದು ಗಾರ್ಡ್ ಡಬ್ಬಿ ಮಾಡಿದ್ದರು. ಹಿಂಬದಿಯಲ್ಲಿ ಪುಟ್ಟ ಜಗಲಿ, ಜಗಲಿಗೆ ಕಟಕಟೆ, ಕಟಕಟೆಗೆ ನೇತುಹಾಕಿದ ಕೆಂಪು ಗಾಜಿನ ಚೂರು. ಗಾರ್ಡ್ ಡಬ್ಬಿ ತಗುಲಿಸದೆ ರೈಲು ಬಿಡಕೂಡದು ಎಂಬುದು ನಮ್ಮ ಕಟ್ಟಳೆ.

ತೊಂದರೆ ಇದ್ದದ್ದು ಜಾಗದ್ದು. ರೈಲು ದೊಡ್ಡದು, ಕೋಣೆ ಚಿಕ್ಕದು. ಮಧುಗಿರಿ ಬಿಟ್ಟರೆ ಕೊರಟಗೆರೆಗೇ ಗೋಡೆ ಬಡಿಯುತ್ತಿತ್ತು. ‘ಪಾವಗಡಕ್ಕೆ ಹೋಗ್ಬೇಕು ಅಂದ್ರೆ ನಿಮ್ಮವ್ವನ ಅಡಿಗೆಮನೆ ಒಡೀಬೇಕು’ ಎಂದು ಶೆಟ್ಟರು ರೇಗಿಸುವುದು, ‘ಒಡೀಲಿ ನೋಡಾನ’ ಎಂದು ಹೊಸಿಲಾಚೆಯಿಂದ ಉತ್ತರ ಬರುವುದು, ವಾರವಾರ ನಡೆದೇ ಇತ್ತು.

ಆ ದಿನ ವಕೀಲರ ಕೈಯಲ್ಲಿ ಇಂಗ್ಲಿಷರ ಸೀಮೆಯಿಂದ ಬಂದ ಒಂದು ಆಟದ ರೈಲಿನ ಪತ್ರಿಕೆ. ಹೊಸ ರೈಲುಗಳು ಬರುತ್ತಿವೆ ಎಂದು ಕಂಪನಿಯವರು ಸಾರಿದ್ದರು. ಗಾರ್ಡ್ ಡಬ್ಬಿಗಳು, ಜೊತೆಗೆ ಸ್ಟೇಷನ್ನಿನ ಮುಂದೆ ನಿಲ್ಲಿಸಲು ಲಾರಿ, ಮೋಟಾರು, ಕುದುರೆಗಾಡಿ. ಎಲ್ಲವೂ ನಮ್ಮದರ ಅರ್ಧ ಅಳತೆ.

“ಅರ್ಧ ಅಳತೆ ಕಣ್ರೀ ಶೆಟ್ರೇ! ಇದೇ ಹಲಗೆ ಮೇಲೆ ಶಿರಾ, ಪಾವಗಡ ಎರಡೂ ಬರ್ತವೆ.”

“ಇದ್ರಾಗೆ ಯಾರು ಕೂತ್ಕಂಡೋಗದು? ಇಲೀನಾ?”

“ನಿಮ್ಮ ಮಂಡೀಲಿ ಬೇಕಾದಷ್ಟವೆಯಲ್ಲ, ಕಳಿಸಿ.”

ಎಲ್ಲರೂ ನಕ್ಕೆವು. ಶೆಟ್ಟರು ಬಾಯಲ್ಲಿ ಹಾಗಂದರೂ ಲಾರಿಯ ಚಿತ್ರದ ಮೇಲಿಂದ ಬೆರಳು ತೆಗೆದಿರಲಿಲ್ಲ. ‘ಇದ್ರ ಮ್ಯಾಕೆ ಮೂಟೆ ಇಟ್ಟಿರ್‍ತಾರಾ, ನಾವೇ ಹೇರ್ಬೇಕಾ?’ ಎಂದು ಮೆಲ್ಲಗೆ ಕೇಳಿದರು.

ನಗದೆ ಇದ್ದವರು ಸಾಹೇಬರೊಬ್ಬರೇ. ಅದು ಯಾಕೆಂದು ನನಗೆ ಗೊತ್ತಿತ್ತು. ಹಿಂದಿನ ವಾರ ಬಸ್ಸಿಗೆ ಕಾಯುತ್ತ ನಿಂತಾಗ ಅವರು ಹೇಳಿದ್ದರು. ಕಣ್ಣಿಗೆ ಹೊಗೆ ಕವಿದಂತಾಗಿದೆ, ದೊಡ್ಡ ಕೆಲಸ ಕೈ ಅಭ್ಯಾಸದಲ್ಲಿ ನಡೆದುಹೋಗುತ್ತದೆ, ಸಣ್ಣ ಕೆಲಸ ಇನ್ನು ಆಗದು. “ಮೇಷ್ಟ್ರೇ, ಶಿರಾದಾಗೆ ನಾನು ಡಬ್ಬ ಬೆಸೆಯೋ ಸಾಬಿ. ವಕೀಲ್ ಸಾಬ್ ಮನೇಲಿ ಚಾಪೆ ಮ್ಯಾಲೆ ನಿಮ್ ಸರೀಕ ಕೂತ್ಕಂಡು ಕಾಫಿ ಕುಡೀತೀನಿ. ಯಾಕೆ? ನನ್ ಕೈ ಐತೆ ಅಂತ. ಕೈ ನಿಂತೋದ್ರೆ ಯಾವ್ ಮುಖ ಇಟ್ಕಂಡು ಬರ್ಲಿ?” ಎಂದಿದ್ದರು. ಯಾರಿಗೂ ಹೇಳಬೇಡಿ ಎಂದು ನನ್ನ ಅಂಗೈ ಒತ್ತಿದ್ದರು.

ಈಗ ಅವರು ಪತ್ರಿಕೆಯನ್ನು ಇಸಕೊಂಡು ಬೆಳಕಿಗೆ ಹಿಡಿದರು. ಚಿತ್ರ ಕಂಡವರಂತೆ ತಲೆಯಾಡಿಸಿದರು.

“ಅರ್ಧ ಅಳತೆ ಅಂದ್ರಾ?”

“ಸರಿಯಾಗಿ ಅರ್ಧ” ಎಂದರು ವಕೀಲರು.

ಸಾಹೇಬರ ಮುಖ ಸಡಿಲವಾಯಿತು. “ಅಷ್ಟೇನಾ? ಅರೇ, ನಾನು ಏನೋ ಅಂದ್ಕಂಡಿದ್ದೆ. ಅರ್ಧ ತಾನೆ, ಆಗ್ತದೆ. ಬಿಲ್ಕುಲ್ ಆಗ್ತದೆ! ಎಂಜಿನ್ನು, ಒಂದು ಮಾದರಿ ಗಾರ್ಡ್ ಡಬ್ಬಿ ತರಿಸ್ಕಳ್ಳಿ ಸಾಕು. ಮಿಕ್ಕಿದ್ದು ನನಗೆ ಬುಡಿ. ಹಳೇ ಕಂಬಿ, ಹಳೇ ಡಬ್ಬಿ ಎಲ್ಲಾ ಕೊಡಿ, ಅದೇ ತಗಡು ಕತ್ತರಿಸಿ ಹೊಸದು ಮಾಡ್ತೀನಿ.”

ನನಗೆ ಆಶ್ಚರ್ಯವಾಯಿತು. ಕಣ್ಣಿನ ಮಾತು ಹೆದರಿಕೆಯಿಂದ ಆಡಿದ್ದಿರಬೇಕು ಅಂದುಕೊಂಡೆ, ಸಂತೋಷವೂ ಆಯಿತು.

ಹೊಸಿಲಾಚೆಯ ಅಜ್ಜಿ ಮಾತ್ರ ಸಿಪ್ಪೆ ಒಗೆಯುತ್ತ, “ಮೋಡ ನೋಡಿ ಮಡಕೆ ನೀರು ಚೆಲ್ಬ್ಯಾಡ್ರಪ್ಪ. ಹೊಸದು ಮನೆ ಸೇರ್ಲಿ, ಆಮ್ಯಾಕೆ ಹಳೇದು ಕಡೀರಿ” ಎಂದರು. ಯಾರು ಕೇಳುತ್ತಾರೆ? ಆ ಮಧ್ಯಾಹ್ನವೇ ಎಂಜಿನ್ ಒಂದನ್ನು ಉಳಿಸಿ ಇಡೀ ರೈಲುದಾರಿಯನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿದೆವು. ಶೆಟ್ಟರ ಆಳು ಅದನ್ನು ಬಸ್ಸಿನ ಮೇಲೆ ಏರಿಸಿಕೊಟ್ಟ.

ಸೀಮೆಯ ಸಾಮಾನು ಹಡಗಿನಲ್ಲಿ ಬರುವುದು. ತಿಂಗಳುಗಳು ಉರುಳಿದವು. ಖಾಲಿ ಹಲಗೆಯ ಸುತ್ತ ಕೂತು ನಾವು ಊರುಗಳನ್ನು ಹಂಚುತ್ತಿದ್ದೆವು. ನಾನು ಬಣ್ಣ ಕಲಸಿ ಮಧುಗಿರಿಯ ಬೆಟ್ಟ ಮಾಡಿದೆ. ಶೆಟ್ಟರು ಪಾವಗಡದ ಸ್ಟೇಷನ್ನಿಗೆ ತೆಲುಗಿನಲ್ಲೂ ಬೋರ್ಡ್ ಬೇಕೆಂದು ಹಟ ಹಿಡಿದು ಬರೆಸಿದರು. ಸಾಹೇಬರು ಶಿರಾದಲ್ಲೇ ಕೆಲಸ ಮಾಡುತ್ತಿದ್ದರು. ‘ಪಾರ್ಸೆಲ್ ಬಂದ ದಿನವೇ ತರ್ತೀನಿ, ಎರಡೂ ಒಟ್ಟಿಗೆ ನೋಡಾನ’ ಎಂದು ಹೇಳಿ ಕಳಿಸಿದ್ದರು.

ಪಾರ್ಸೆಲ್ ಬಂತು. ಸಾಹೇಬರೂ ಬಂದರು. ತೊಳೆದ ಜುಬ್ಬ, ಕಣ್ಣಿಗೆ ಸುರ್ಮ, ಬಗಲಲ್ಲಿ ಟ್ರಂಕು. ಮೊದಲು ಅವರದನ್ನೇ ತೆರೆದೆವು. ಎಂಥ ಕೆಲಸ! ಬೆಸುಗೆ ಎಲ್ಲಿದೆಯೆಂದೇ ತಿಳಿಯದು. ಹಲಗೆಯ ಮೇಲೆ ಕಂಬಿ ಜೋಡಿಸಿ ಡಬ್ಬಿಗಳನ್ನು ಇಟ್ಟರು. ಅವು ಹಳೆಯವಕ್ಕಿಂತ ಚಿಕ್ಕವು ಹೌದು, ಆದರೆ ಸ್ವಲ್ಪ ಚಿಕ್ಕವು. ವಕೀಲರು ನನ್ನ ಮುಖ ನೋಡಿದರು. ನಾನು ಹಲಗೆ ನೋಡಿದೆ.

ಆಮೇಲೆ ವಕೀಲರು ಪಾರ್ಸೆಲ್ಲಿನ ಹುಲ್ಲು ಸರಿಸಿ ಸೀಮೆಯ ಗಾರ್ಡ್ ಡಬ್ಬಿಯನ್ನು ಎತ್ತಿ ಸಾಹೇಬರ ಡಬ್ಬಿಯ ಪಕ್ಕಕ್ಕಿಟ್ಟರು. ಎಮ್ಮೆಯ ಮಗ್ಗುಲಲ್ಲಿ ಆಡಿನ ಮರಿ ನಿಂತ ಹಾಗಿತ್ತು.

“ಇದು ಯಾವ್ದು? ಮೋಟಾರಾ?” ಎಂದರು ಸಾಹೇಬರು.

ಅವರು ಅದನ್ನು ಎತ್ತಿ ಮೂಗಿನ ತನಕ ತಂದರು. ಉಗುರಿನಲ್ಲಿ ಸವರಿದರು. “ಗಾರ್ಡ್ ನಿಲ್ಲೋ ಜಗಲಿ ಎಲ್ಲೈತೆ ಮೇಷ್ಟ್ರೇ?” ಎಂದರು. ನಾನು ಅವರ ತೋರುಬೆರಳನ್ನು ಹಿಡಿದು ಅಲ್ಲಿಟ್ಟೆ. ಬೆರಳ ತುದಿಯಲ್ಲಿ ಜಗಲಿ, ಕಟಕಟೆ ಎಲ್ಲ ಮುಚ್ಚಿಹೋಯಿತು.

“ಅರ್ಧ ಅಂದ್ರಲ್ಲ ವಕೀಲ್ ಸಾಬ್.”

“ಅರ್ಧವೇ ಸಾಹೇಬ್ರೇ.”

“ಹೆಂಗೆ ಅರ್ಧ? ನಾನು ಹಳೇ ಗಾರ್ಡ್ ಡಬ್ಬೀಗೆ ಸಾಸಿವೆ ತುಂಬಿ ಅಳ್ದೆ. ಅದ್ರಾಗೆ ಸರ್ಯಾಗಿ ಅರ್ಧ ಸಾಸಿವೆ ಹಿಡಿಯೋ ಹಂಗೆ ಇದನ್ನ ಮಾಡ್ದೆ. ಬೇಕಾದ್ರೆ ಈಗ್ಲೇ ಸಾಸಿವೆ ತರ್ಸಿ, ಅಳೀರಿ!”

ಆಗ ನಮಗೆ ತಿಳಿಯಿತು. ಅವರು ಸಂತೆಗೆ ಸೇರು, ಅಚ್ಚೇರು, ಪಾವು ಮಾಡಿಕೊಡುವವರು. ಅವರ ಕೈಯಲ್ಲಿ ಅಳತೆ ಎಂದರೆ ತುಂಬುವುದು. ಸೇರಿನ ಅರ್ಧ ಅಚ್ಚೇರು. ಅಚ್ಚೇರಿನ ಪಾತ್ರೆ ಸೇರಿನ ಪಾತ್ರೆಗಿಂತ ಕಣ್ಣಿಗೆ ಒಂದಿಷ್ಟೇ ಕುಳ್ಳ. ವಕೀಲರು ಅಳತೆ ಎಂದದ್ದು ಅಡಿಕೋಲಿನ ಮಾತು. ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ. ಹಾಗೆ ಮಾಡಿದರೆ ಸಾಸಿವೆ ಎಂಟರಲ್ಲೊಂದು ಪಾಲೇ ಹಿಡಿಯುವುದು ಎಂದು ವಕೀಲರು ತಡವರಿಸುತ್ತ ಬಿಡಿಸಿ ಹೇಳಿದರು.

ಅಜ್ಜಿ ಮೊದಲ ಸಲ ಹೊಸಿಲು ದಾಟಿ ಒಳಬಂದರು. “ಎಂಟ್ರಾಗೊಂದು ಪಾಲ್ನ ಅರ್ಧ ಅಂತ ಯಾರಾದ್ರೂ ಅಂತಾರೇನೋ? ಸಂತೇಲಿ ಹಂಗೆ ಅಳುದ್ರೆ ಸೇರು ಕಿತ್ಕಂಡು ಬಡೀತಾರೆ. ಸಾಬಣ್ಣ ಮಾಡಿದ್ದೇ ಸರಿ ಐತೆ!”

“ಸರಿ ಐತೆ ಅಮ್ಮಾ” ಎಂದರು ಸಾಹೇಬರು. “ಆದ್ರೆ ಎಳೆಯೋ ಎಂಜಿನ್ ಎಲ್ಲೈತೆ?”

ಅದೇ ಪ್ರಶ್ನೆ. ವಕೀಲರು ಓಡಿ ಹಳೆಯ ಎಂಜಿನ್ ತಂದು ಸಾಹೇಬರ ಕಂಬಿಯ ಮೇಲಿಟ್ಟರು. ಗಾಲಿಗಳು ಕಂಬಿಯ ಹೊರಗೆ ಕೂತವು. ಹೊಸ ಎಂಜಿನ್ ಇಟ್ಟರು. ಅದು ಎರಡು ಕಂಬಿಗಳ ನಡುವೆ ಬಿದ್ದುಹೋಯಿತು. ಶೆಟ್ಟರು ಬಾಗಿ, ಗಾಲಿಯನ್ನಾದರೂ ಬಗ್ಗಿಸಬಹುದೇ ಎಂದು ಅದುಮಿ ನೋಡಿದರು. ಹಳೆಯದಕ್ಕೆ ದಾರಿಯೇ ಇಲ್ಲ, ಅದು ಕತ್ತರಿಸಿಹೋಗಿದೆ. ಸಾಹೇಬರದಕ್ಕೆ ಎಂಜಿನ್ ಇಲ್ಲ. ಸೀಮೆಯದನ್ನು ನೋಡಿ ಮಾಡಲು ಅವರಿಗೆ ಕಣ್ಣಿಲ್ಲ. ಕಣ್ಣಿನ ಗುಟ್ಟನ್ನು ನಾನು ಹೇಳಬೇಕಾಗಲೇ ಇಲ್ಲ, ಎಲ್ಲರೂ ನೋಡಿದ್ದರು.

ಮುಂದಿನ ದಿನಗಳಲ್ಲಿ ನಾವು ಮಾಡದ ಪ್ರಯತ್ನವಿಲ್ಲ. ಸಾಹೇಬರ ಕಂಬಿಯ ಅಗಲಕ್ಕೆ ಸರಿಯಾದ ಎಂಜಿನ್ ಬೇಕೆಂದು ವಕೀಲರು ಬೊಂಬಾಯಿಗೆ ಬರೆದರು. ಆ ಅಗಲದ್ದು ನಮ್ಮಲ್ಲಿಲ್ಲ, ಎಲ್ಲೂ ಇದ್ದಂತೆ ಕಾಣೆವು ಎಂದು ಉತ್ತರ ಬಂತು. ಹಳೆಯ ಅಗಲದ ಕಂಬಿ ಮತ್ತೆ ಮಾಡಿರೆಂದು ನಾನು ಸಾಹೇಬರನ್ನು ಬೇಡಿದೆ. “ಈ ಡಬ್ಬಿ ಮಾಡೋವಾಗ್ಲೇ ಇದ್ದಬದ್ದ ಕಣ್ಣು ಸುರ್‍ದುಬುಟ್ಟೆ ಮೇಷ್ಟ್ರೇ” ಎಂದರು. ಶೆಟ್ಟರು ಎಲ್ಲಿಂದಲೋ ಒಂದು ಭೂತಗನ್ನಡಿ ಹುಡುಕಿ ತಂದುಕೊಟ್ಟರು. ಸಾಹೇಬರು ಅದನ್ನು ಹಿಡಿದು ಸೀಮೆಯ ಡಬ್ಬಿಯಂಥ ಒಂದನ್ನು ಮಾಡಲು ಕೂತರು. ಮಾರನೆಯ ವಾರ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು, ಮುದುರಿದ ತಗಡಿನ ಚೂರೊಂದನ್ನು ಹಲಗೆಯ ಮೇಲಿಟ್ಟು, ಕಾಫಿ ಬೇಡವೆಂದು ಹೇಳಿ ಹೊರಟುಹೋದರು. ಆಮೇಲೆ ಬರಲಿಲ್ಲ.

ಸೀಮೆಯ ರೈಲಿಗೆ ಕಂಬಿಯನ್ನೂ ಸೀಮೆಯಿಂದಲೇ ತರಿಸಿ ನಾವು ಮೂವರೂ ಓಡಿಸಿದೆವು. ಅದು ಗೋಡೆ ಬಡಿಯದೆ ಕೊರಟಗೆರೆ ದಾಟಿ, ಶಿರಾ ದಾಟಿ, ಪಾವಗಡ ಸೇರಿತು. ಶೆಟ್ಟರು ಬೋರ್ಡನ್ನು ತೆಲುಗಿನಲ್ಲಿ ಓದಲೂ ಇಲ್ಲ.

“ಹೋಗಿ ಕರ್ಕಂಬರಾನ ನಡೀರಿ” ಎಂದರು ವಕೀಲರು. ಶಿರಾಕ್ಕೆ ಹೋದೆವು. ಸಾಹೇಬರು ಅಂಗಡಿಯ ಮುಂದೆ ಸ್ಟೂಲು ಹಾಕಿಸಿ, ಚಹಾ ತರಿಸಿ, ನಮ್ಮೆಲ್ಲರ ಮನೆಯವರ ಯೋಗಕ್ಷೇಮ ಒಬ್ಬೊಬ್ಬರದಾಗಿ ಕೇಳಿದರು. ರೈಲಿನ ಮಾತು ಎತ್ತಿದಾಗಲೆಲ್ಲ ಕಡಲೆಕಾಯಿ ಬೆಳೆ ಹೆಂಗೈತೆ ಎಂದು ಶೆಟ್ಟರನ್ನು ಕೇಳುತ್ತಿದ್ದರು. ಒಂದು ಸಲ ವಕೀಲರು ಅವರ ಕೈ ಹಿಡಿದು, “ಕೆಲಸ ಮಾಡೋದು ಬ್ಯಾಡ, ಸುಮ್ನೆ ಬಂದು ಕೂತ್ಕಳಿ ಸಾಹೇಬ್ರೇ, ನಿಮ್ಮ ದಮ್ಮಯ್ಯ” ಎಂದರು.

“ಸುಮ್ನೆ ಕೂರೋಕೆ ಶಿರಾದಾಗೂ ಜಾಗ ಐತಲ್ಲ ವಕೀಲ್ ಸಾಬ್” ಎಂದು ಅವರು ಕೈ ಬಿಡಿಸಿಕೊಂಡರು. ಬಸ್ಸಿನಲ್ಲಿ ಹಿಂದಿರುಗುವಾಗ ವಕೀಲರು ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಅದಾದ ಮೇಲೆ ಯುದ್ಧ ಶುರುವಾಗಿ ಸೀಮೆಯ ಸಾಮಾನು ಬರುವುದು ನಿಂತಿತು. ಮುಂದಿನ ರಂಜಾನ್ ಕಳೆದ ಮೇಲೆ ಸಾಹೇಬರು ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಹಿಂದೂಪುರದ ಮಗಳ ಮನೆಗೆ ಹೋದರು. ಅಲ್ಲಿಗೆ ಹೋಗುವ ಬಸ್ಸು ಮಧುಗಿರಿಯಲ್ಲಿ ನಿಲ್ಲುತ್ತಿತ್ತು. ಅವರು ಇಳಿಯಲಿಲ್ಲ ಎಂದು ಕಂಡಕ್ಟರು ಹೇಳಿದ.