ಭಾವನ ಸಿಡಿ ಪ್ಲೇಯರ್ ಬಿಚ್ಚಿದ್ದು

ಸ್ಕ್ರೂ ಕಂಡರೆ ಸಾಕು, ನನ್ನ ಕೈ ತಾನಾಗಿಯೇ ಸ್ಕ್ರೂಡ್ರೈವರ್ ಹುಡುಕುತ್ತದೆ. ಹಿಂದೊಮ್ಮೆ ಹಳೆಯ ವಾಲ್ವ್ ರೇಡಿಯೋ ಬಿಚ್ಚಿ ಹಾಡಿಸಿದ್ದೇ ಈ ಚಟಕ್ಕೆ ಮೂಲ. ಆಮೇಲೆ ನಾನು ಬಿಚ್ಚಿದ ಯಾವುದೂ ಹಾಡಲಿಲ್ಲ ಎನ್ನುವುದು ಬೇರೆ ಮಾತು.

ಎಂಬತ್ತರ ದಶಕದ ಕೊನೆ. ಶ್ರೀನಗರ ಬಡಾವಣೆಯ ತಮ್ಮ ಮನೆಗೆ ಸುಣ್ಣ ಬಳಿಸುವಾಗ ನಮ್ಮಕ್ಕನ ಗಂಡ, ಅಂದರೆ ಭಾವ, ಸಿಂಗಪುರದಿಂದ ತಂದಿದ್ದ ಸಿಡಿ ಪ್ಲೇಯರನ್ನು ಜಯನಗರದ ನಮ್ಮ ಮನೆಯಲ್ಲಿಟ್ಟರು. "ಕೇಳು, ಆದ್ರೆ ಬಿಚ್ಬೇಡ ಕಣಯ್ಯ," ಎಂದು ಎಚ್ಚರಿಸಿಯೇ ಹೋದರು.

ಮೂರನೆಯ ದಿನ ವೀಣೆಯ ಸಿಡಿ ತೊದಲತೊಡಗಿತು. ಬಿಚ್ಚಿದೆ. ಒಳಗೆ ಹೆಸರುಕಾಳಿನಷ್ಟು ಗಾಜಿನ ಕಣ್ಣು; ಅದರ ಮೂಲಕವೇ ಲೇಸರ್ ಬೆಳಕು ಸಿಡಿಯನ್ನು ಓದುವುದಂತೆ. ಪಕ್ಕದಲ್ಲೊಂದು ಪುಟ್ಟ ಸ್ಕ್ರೂ. ಕಾಲು ಸುತ್ತು ತಿರುಗಿಸಿದೆ. ತೊದಲು ನಿಂತಿತು, ವೀಣೆಯೂ ನಿಂತಿತು.

ಭಾನುವಾರ ಭಾವ ಬರುವವರು. ಶನಿವಾರ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿಕೊಂಡು ಕನಕಪುರ ರಸ್ತೆಯ ಬಸ್ಸು ಹತ್ತಿ, ಜರಗನಹಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮುನಿರಾಜು ಅವರ ಅಂಗಡಿಗೆ ಹೋದೆ.

"ಇಂಥದ್ದನ್ನ ನಾನು ಇವತ್ತೇ ಸಾರ್ ನೋಡ್ತಿರೋದು. ಒಳಗೇನಾದ್ರೂ ತಿರುಗಿಸಿದ್ರಾ?"

"ಛೆ, ಇಲ್ಲಪ್ಪ," ಎಂದೆ ಗತ್ತಿನಿಂದ.

ಅವರು ಭೂತಗನ್ನಡಿ ಹಿಡಿದರು. "ರೇಡಿಯೋದಲ್ಲಿದ್ದಂಗೇ, ಈ ಸ್ಕ್ರೂ ಅಲ್ಲಾಡ್ಬಾರ್ದು ಅಂತ ಫ್ಯಾಕ್ಟರೀಲಿ ಕೆಂಪು ಪೇಂಟ್ ಇಟ್ಟಿರ್ತಾರೆ. ನೋಡಿ ಸಾರ್, ಒಡೆದಿದೆ. ಅರ್ಧ ಚುಕ್ಕೆ ಇಲ್ಲಿ, ಇನ್ನರ್ಧ ಅಲ್ಲಿ."

"ಕಾಲು ಸುತ್ತು," ಎಂದು ಒಪ್ಪಿಕೊಂಡೆ.

ಮುನಿರಾಜು ಉಸಿರು ಬಿಗಿಹಿಡಿದು ಎರಡು ಅರ್ಧ ಚುಕ್ಕೆಗಳನ್ನು ಕೂಡಿಸಿದರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಆ ಗಾಜಿನ ಕಣ್ಣನ್ನು ಒರೆಸಿದರು. "ಧೂಳು ಸಾರ್. ಸ್ಕ್ರೂ ಏನ್ ಪಾಪ ಮಾಡಿತ್ತು?"

ವೀಣೆ ನುಡಿಯಿತು. ಒಳಮನೆಯಿಂದ ಅವರ ತಾಯಿ ಬಂದು, ಗ್ರಾಮಫೋನ್ ಎಂದುಕೊಂಡು ಬಗ್ಗಿ ನೋಡಿದರು. "ಮುಳ್ಳೆಲ್ಲೋ?"

"ಮುಳ್ಳಿಲ್ಲಮ್ಮ, ಬರೀ ಬೆಳಕು."

"ಹಂಗಾದ್ರೆ ಪ್ಲೇಟು ಸವೆಯಲ್ಲ ಬಿಡು," ಎಂದು ಆಕೆ ಹೊಸ್ತಿಲ ಪಕ್ಕ ಕೂತರು. ಸಿಡಿ ಮುಗಿಯುವವರೆಗೂ ನಾವು ಮೂವರೂ ಏಳಲಿಲ್ಲ.

ಮರುದಿನ ಭಾವ ಅಕ್ಕನ ಜೊತೆ ಬಂದು, ವೀಣೆ ಕೇಳಿ ತಲೆದೂಗಿದರು. ಸುಮ್ಮನಿದ್ದರೆ ಪಾರಾಗುತ್ತಿದ್ದೆ. ಆದರೆ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಮತ್ತೆ ಧೈರ್ಯ ಬರಲಿಲ್ಲ; ಎಲ್ಲವನ್ನೂ ಹೇಳಿಬಿಟ್ಟೆ.

ಭಾವ ಬೈಯಲಿಲ್ಲ. ಅಕ್ಕ ಇದ್ದ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಮುನಿರಾಜು ಮಿಕ್ಸಿ ರಿಪೇರೀನೂ ಮಾಡ್ತಾರೇನಯ್ಯ? ನಮ್ಮನೇದನ್ನ ನಾನೇ ಬಿಚ್ಚಿ ಕೂತಿದೀನಿ. ನಿಮ್ಮಕ್ಕಂಗೆ ಇನ್ನೂ ಗೊತ್ತಿಲ್ಲ."