ತಮ್ಮನ ಹೆಸರಿನ ಸಾಲು

ಕಾಕ್ಸ್ ಟೌನಿನ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಗುಜರಿಗೆಂದು ಎತ್ತಿಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ಪಡೆದು, ಹಲಸೂರಿನ ನಮ್ಮ ಮನೆಗೆ ತಂದು, ದೇವರ ಗೂಡಿನ ಪಕ್ಕದ ಕಪಾಟಿನಲ್ಲಿಟ್ಟು ವಿಪಿಎನ್ ಸರ್ವರ್ ಮಾಡಿದೆ. ದೊಡ್ಡ ವಿದ್ಯೆಯೇನಲ್ಲ. ಮನೆಯವರ ಫೋನು ಊರಿನ ಯಾವ ಮೂಲೆಯಲ್ಲಿದ್ದರೂ ಇಂಟರ್ನೆಟ್ಟಿನೊಳಗೇ ಒಂದು ಖಾಸಗಿ ಸುರಂಗ ಹಿಡಿದು ಈ ಕಂಪ್ಯೂಟರಿಗೆ ಬಂದು ಸೇರುತ್ತದೆ. ಆಮೇಲೆ ಅದು ಮನೆಯೊಳಗೇ ಇದ್ದ ಲೆಕ್ಕ. ಹೊರಗಿನವರು ಇಣುಕುವಂತಿಲ್ಲ.

ನನ್ನ ಕಟ್ಟುನಿಟ್ಟಿನ ನಿಯಮ ಒಂದೇ. ಸುರಂಗದ ಬೀಗದ ಕೈಯನ್ನು ಮೆಸೇಜಿನಲ್ಲಿ ಕಳಿಸುವುದಿಲ್ಲ. ಬೇಕಾದವರು ಮನೆಗೆ ಬಂದು, ಪರದೆಯ ಮೇಲೆ ಮೂಡುವ ಕ್ಯೂಆರ್ ಕೋಡಿಗೆ ತಾವೇ ಫೋನು ಹಿಡಿಯಬೇಕು. "ಬ್ಯಾಂಕಲ್ಲೂ ಇಷ್ಟು ಕಾಟ ಇಲ್ಲ ಅಕ್ಕ" ಎಂದು ತಮ್ಮ ಗೊಣಗಿದ. ಗೊಣಗುತ್ತಲೇ ಹಿಡಿದ.

ಅಷ್ಟೆಲ್ಲ ಮಾಡಿದ್ದು ಅವನಿಗಾಗಿಯೇ. ಅವನು ರೈಲ್ವೆ ಷೆಡ್ಡಿನಲ್ಲಿ ಫಿಟ್ಟರ್. ಕ್ವಾರ್ಟರ್ಸ್ ಸಿಕ್ಕಿ ಕೆ.ಆರ್. ಪುರಕ್ಕೆ ಹೋದಾಗ ಅವನ ಹದಿನಾಲ್ಕು ಪಾರಿವಾಳಗಳು ನಮ್ಮ ತಾರಸಿಯ ಗೂಡಿನಲ್ಲೇ ಉಳಿದವು. ಅಲ್ಲೊಂದು ಕ್ಯಾಮೆರಾ ಹಾಕಿ ಸರ್ವರಿಗೆ ಸೇರಿಸಿದೆ. ನಾಲ್ಕು ಗಂಟೆಯ ಟೀ ಹೊತ್ತಿಗೆ ಅವನು ಷೆಡ್ಡಿನಲ್ಲಿ ಕೂತು ಫೋನಿನಲ್ಲಿ ಅವುಗಳನ್ನು ನೋಡುತ್ತಿದ್ದ. ನಾನೂ ಒಮ್ಮೊಮ್ಮೆ ಲ್ಯಾಬಿನಿಂದ ನೋಡುತ್ತಿದ್ದೆ. ಫ್ಯಾನಿನ ಗುಂಯ್ ಸದ್ದಿನಲ್ಲಿ, ಅರೆನಿದ್ದೆಯ ಕಣ್ಣಿಗೆ, ಶಬ್ದವೇ ಇಲ್ಲದ ಆ ಚಿತ್ರದಲ್ಲಿ ಒಗೆದ ಸೀರೆಯ ನೆರಳು ಗೋಡೆಯ ಮೇಲೆ ತೇಲುವುದು, ಹಕ್ಕಿಗಳು ಹಾರಿ ಮತ್ತೆ ಇಳಿಯುವುದು. ಎಲ್ಲಿ ಕೂತಿದ್ದೇನೆಂಬುದೇ ಮರೆತುಹೋಗುತ್ತಿತ್ತು.

ದಸರಾ ಕಳೆಯುತ್ತಿದ್ದಂತೆ ಅಮ್ಮನಿಗೆ ಕೆಮ್ಮು ಹಿಡಿಯಿತು. ಪಾರಿವಾಳದ ಪುಕ್ಕ, ಹಿಕ್ಕೆ ಅವಳ ಎದೆಗೆ ಆಗಿಬರುವುದಿಲ್ಲ ಎಂದರು ಡಾಕ್ಟರು. ನನ್ನದು ಹಿಡಿದ ಕೆಲಸ ಅವತ್ತೇ ಮುಗಿಯಬೇಕೆನ್ನುವ ಸ್ವಭಾವ. ರಸೆಲ್ ಮಾರುಕಟ್ಟೆಯ ಹಿಂದೆ ಪಾರಿವಾಳ ಸಾಕುವ ಹಿರಿಯರೊಬ್ಬರನ್ನು ಕರೆಸಿ ಹದಿನಾಲ್ಕನ್ನೂ ಕೊಟ್ಟುಬಿಟ್ಟೆ. ನಾಲ್ಕು ಗಂಟೆಗೆ ತಮ್ಮನ ಫೋನು ಬಂತು.

"ಅಕ್ಕ, ಗೂಡು ಖಾಲಿ ಇದೆ."

ಡಾಕ್ಟರು ಹೇಳಿದ್ದನ್ನು ಹೇಳಿದೆ.

"ಸರಿ. ಒಂದು ಮಾತು ಹೇಳ್ಬೋದಿತ್ತು."

ಅಮ್ಮನ ಜೀವಕ್ಕಿಂತ ನಿನ್ನ ಹಕ್ಕಿ ಹೆಚ್ಚಾಯಿತೇ ಎಂದುಬಿಟ್ಟೆ. ಅವನು ಫೋನಿಟ್ಟ. ಅಲ್ಲಿಂದಾಚೆಗೆ ಮಾತಿಲ್ಲ, ಬರುವುದೂ ಇಲ್ಲ. ಅಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅವನ ಮಾತನ್ನು ಅವಳಿಗೆ ಮುಟ್ಟಿಸುತ್ತಿದ್ದವಳು ನಾನು. ಹಾಗಾಗಿ ಅವಳಿಗೂ ಮಗನ ಮಾತು ತಪ್ಪಿತು.

ಸರ್ವರಿನಲ್ಲಿ ಒಂದು ಪಟ್ಟಿ ಇರುತ್ತದೆ. ಒಂದೊಂದು ಫೋನಿಗೆ ಒಂದೊಂದು ಸಾಲು, ಅದು ಕೊನೆಯ ಸಲ ಯಾವಾಗ ಬಂದು ಸರ್ವರಿನ ಕೈಕುಲುಕಿತು ಎಂಬ ವಿವರ ಅದರ ಮುಂದೆ. ತಮ್ಮನ ಸಾಲು ಆಮೇಲೂ ದಿನಾ ನಾಲ್ಕಕ್ಕೆ ಜೀವ ಪಡೆಯುತ್ತಿತ್ತು. ಖಾಲಿ ಗೂಡಿನಲ್ಲಿ ಏನು ನೋಡುತ್ತಾನೆ ಎಂದು ಸಿಡಿಮಿಡಿಗೊಂಡೆ. ಒಂದು ದಿನ ಲ್ಯಾಬಿನಿಂದ ನಾನೂ ನೋಡಿದೆ. ಅಮ್ಮ ತೊಳೆದ ಸೀರೆಯುಟ್ಟು, ತಲೆ ಬಾಚಿ, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ನೇರವಾಗಿ ಕ್ಯಾಮೆರಾ ಎದುರು ಕೂತಿದ್ದಳು.

ನಾಲ್ಕಕ್ಕೆ ಮಗ ನೋಡುತ್ತಾನೆಂದೂ, ನೋಡಿದ್ದು ನನ್ನ ಪಟ್ಟಿಯಲ್ಲಿ ತಿಳಿಯುತ್ತದೆಂದೂ ಅವಳಿಗೆ ಗೊತ್ತಿತ್ತು. ದಿನಾ ನಾನು ಮನೆಗೆ ಬಂದ ಕೂಡಲೇ ಅವಳ ಪ್ರಶ್ನೆ: "ಬಂದ್ನಾ?"

"ಬಂದಿದ್ದ. ಇಪ್ಪತ್ತು ನಿಮಿಷ ಇದ್ದ" ಎಂದು ಕಿವಿಯ ಹತ್ತಿರ ಕೂಗುತ್ತಿದ್ದೆ. ಅವಳಿಗೆ ಅಷ್ಟು ಸಾಕು. ನನಗೂ ಆ ಸಂಜೆಗಳಲ್ಲಿ ಅವನು ಈಗತಾನೇ ಎದ್ದು ಹೋದಂತೆ, ಕುರ್ಚಿ ಇನ್ನೂ ಬೆಚ್ಚಗಿರುವಂತೆ ಅನ್ನಿಸುತ್ತಿತ್ತು.

ಹೀಗೆ ಆರು ತಿಂಗಳಾಯಿತು. ಯುಗಾದಿಗಾದರೂ ಬಂದಾನೆಂದು ಒಬ್ಬಟ್ಟು ಎತ್ತಿಟ್ಟು ಕಾದೆ. ಬರಲಿಲ್ಲ. ನಾಲ್ಕಕ್ಕೆ ಪಟ್ಟಿ ತೆರೆದರೆ ಅವನ ಸಾಲು: ಎರಡು ನಿಮಿಷದ ಹಿಂದೆ. ಹಬ್ಬದ ದಿನವೂ ಕದ್ದು ನೋಡಲು ಬರುತ್ತಾನೆ, ಬಾಗಿಲಿಗೆ ಬರಲು ಇವನಿಗೇನು ಧಾಡಿ? ಮೈಯೆಲ್ಲ ಉರಿಯಿತು. ಆ ಸಾಲನ್ನೇ ಅಳಿಸಿಹಾಕಿದೆ. ಅಲ್ಲಿಗೆ ಅವನ ಫೋನಿಗೆ ಸುರಂಗ ಮುಚ್ಚಿತು.

ಮರುದಿನ ಅಮ್ಮ ಎಂದಿನಂತೆ ತಲೆ ಬಾಚಿಕೊಂಡು ಮೇಲೆ ಹೋದಳು. "ಬಂದ್ನಾ?" ಎಂದು ಕೇಳಿದಳು. "ಬಂದಿದ್ದ" ಎಂದೆ. ಅಮ್ಮನಿಗೆ ಸುಳ್ಳು ಹೇಳಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಸಾಲಿನ ಜೊತೆ ಅಳಿದ ಬೀಗದ ಕೈಯ ನಕಲು ನನ್ನಲ್ಲಿರಲಿಲ್ಲ. ಹೊಸದು ಮಾಡಬಹುದು, ಆದರೆ ಅವನು ಬಂದು ಫೋನು ಹಿಡಿಯಬೇಕು. ಈ ಒಂದು ಸಲ ಮೆಸೇಜಿನಲ್ಲಿ ಕಳಿಸಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಅಡ್ಡ ಬಂದದ್ದು ನಿಯಮವಲ್ಲ, ನನ್ನ ಹಟ. ಮೂರು ದಿನ ಅಮ್ಮ ಯಾರೂ ನೋಡದ ಕ್ಯಾಮೆರಾದ ಮುಂದೆ ಕೂತಳು. ಮೂರು ದಿನವೂ ನಾನು ಸುಳ್ಳು ಹೇಳಿದೆ, ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ನಾಲ್ಕನೆಯ ದಿನ ಶನಿವಾರ, ಶಾಲೆ ಅರ್ಧ ದಿನ. ಊಟ ಮಾಡಿ ಮಲಗಿದವಳು ನಾಲ್ಕು ದಾಟಿದರೂ ತೂಕಡಿಸುತ್ತಿದ್ದೆ. ಯಾರೋ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಸದ್ದು ಕನಸಿನೊಳಗೆ ಎಂಬಂತೆ ಕೇಳಿಸಿತು. ಎದ್ದು ತಾರಸಿಗೆ ಹೋದೆ. ತಮ್ಮ ಮೆಟ್ಟಿಲ ಬಾಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ. ಷೆಡ್ಡಿನ ಬಟ್ಟೆ, ಮೊಣಕೈವರೆಗೂ ಗ್ರೀಸು. ಕೆಲಸ ಬಿಟ್ಟು ಹಾಗೇ ಮೆಟ್ರೋ ಹತ್ತಿ ಬಂದಿದ್ದ.

"ಮೊದಲನೇ ದಿನ ಕರೆಂಟ್ ಹೋಗಿರ್ಬೇಕು ಅನ್ಕೊಂಡೆ. ಆಮೇಲೆ ನೆಟ್ ಇಲ್ಲ ಅನ್ಕೊಂಡೆ. ಇವತ್ತೂ ಅಮ್ಮ ಕಾಣ್ಲಿಲ್ಲ ಅಕ್ಕ..."

ಅಮ್ಮ ನಮಗೆ ಬೆನ್ನು ಮಾಡಿ, ಮುಂದೆ ಒಣಹಾಕಿದ ಸಂಡಿಗೆಯನ್ನು ಕಾಯುತ್ತಾ, ಕ್ಯಾಮೆರಾ ಜೊತೆ ಮಾತಾಡುತ್ತಿದ್ದಳು. "ಊಟ ಆಯ್ತಾ ಮಗಾ? ಬಿಸಿಲಲ್ಲಿ ಓಡಾಡ್ಬೇಡ. ನಿಮ್ಮಕ್ಕಂಗೆ ಕೋಪ ಜಾಸ್ತಿ, ಮನಸ್ಸಲ್ಲಿ ಇಟ್ಕೋಬೇಡ." ಆ ಕ್ಯಾಮೆರಾಕ್ಕೆ ಕಿವಿಯಿಲ್ಲ. ಆರು ತಿಂಗಳ ಅವಳ ಒಂದು ಮಾತೂ ಅವನಿಗೆ ಮುಟ್ಟಿರಲಿಲ್ಲ.

"ಆಯ್ತಮ್ಮ" ಎಂದ ತಮ್ಮ. ಅವಳಿಗೆ ಕೇಳಿಸಲಿಲ್ಲ. ಸಂಡಿಗೆ ದಾಟಿ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳು ಬೆಚ್ಚಲೂ ಇಲ್ಲ, ಅವನ ಕೆನ್ನೆ ಹಿಡಿದು "ಇಳಿದು ಹೋಗಿದ್ದೀಯ" ಎಂದಳು.

ಕೆಳಗೆ ಕಾಫಿ ಕೊಡುವಾಗ ಹೇಳಿದೆ: "ನೆಟ್ ಹೋಗಿರ್ಲಿಲ್ಲ ಕಣೋ. ನಿನ್ನ ಸಾಲು ನಾನೇ ಅಳಿಸ್ದೆ."

ಅವನು ಲೋಟ ಕೆಳಗಿಟ್ಟ. "ಒಂದು ಮಾತು ಹೇಳ್ಬೋದಿತ್ತು ಅಕ್ಕ."

"ಹೇಳ್ಬೇಕಿತ್ತು. ಪಾರಿವಾಳದ್ದೂ ಹೇಳ್ಬೇಕಿತ್ತು." ಆ ಮಾತು ಬಾಯಿಂದ ಬರಲು ಆರು ತಿಂಗಳು ಹಿಡಿದಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬಾ, ಹೊಸ ಕೋಡ್ ಹಾಕ್ಕೊಡ್ತೀನಿ" ಎಂದೆ.

"ಇವತ್ತು ಬೇಡ, ಕೈಯೆಲ್ಲ ಗ್ರೀಸು. ಭಾನುವಾರ ಬಂದಾಗ ನೋಡೋಣ."

ಆಮೇಲೆ ಎಷ್ಟೋ ಭಾನುವಾರಗಳಾದವು. ಬಂದವನೇ ಫೋನನ್ನು ಟಿವಿಯ ಪಕ್ಕ ಇಟ್ಟು ಮರೆತವನಂತೆ ತಾರಸಿಗೆ ಹತ್ತುತ್ತಾನೆ. ನಾನೂ ನೆನಪಿಸುವುದಿಲ್ಲ. ಪಟ್ಟಿಯಲ್ಲಿ ಅವನ ಸಾಲು ಈಗಲೂ ಇಲ್ಲ. ಅಮ್ಮ ಕುರ್ಚಿಯನ್ನು ಮೆಟ್ಟಿಲ ಕಡೆಗೆ ತಿರುಗಿಸಿ ಹಾಕಿಕೊಂಡಿದ್ದಾಳೆ.